ಕೈಯಲ್ಲಿ ಬಲವಿದೆ, ಹಿಡಿತ ತಪ್ಪಿದೆ: ಕಿರುಮೆದುಳಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎರಡು ತಿಂಗಳ ಹಿಂದೆ ಬೆಳಗಿನ ಜಾವ ವಿಪರೀತ ತಲೆಸುತ್ತು, ವಾಂತಿ ಶುರುವಾಯಿತು. ಪಿತ್ತವೆಂದುಕೊಂಡು ಮಜ್ಜಿಗೆ ಕೊಟ್ಟು ಮಲಗಿಸಿದೆವು. ಸಂಜೆಯಾದರೂ ಎದ್ದು ನಿಲ್ಲಲಾಗದಿದ್ದಾಗ ಆಸ್ಪತ್ರೆಗೆ ಕರೆದೊಯ್ದೆವು. ಬಲಗಡೆಯ ಸೆರೆಬೆಲಮ್‌ನಲ್ಲಿ ಸ್ಟ್ರೋಕ್ ಆಗಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಈಗ ಬಲಗೈಯಲ್ಲಿ ಶಕ್ತಿಯೇನೋ ಇದೆ, ಆದರೆ ನೀರಿನ ಲೋಟ ಬಾಯಿಯ ಹತ್ತಿರ ಬರುತ್ತಿದ್ದಂತೆ ಕೈ ನಡುಗಿ ಚೆಲ್ಲುತ್ತದೆ. ಮೆದುಳಿನ ಬಲಭಾಗ ಎಡಗೈಯನ್ನು ನಿಯಂತ್ರಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ವರದಿ ತಪ್ಪಾಗಿದೆಯೇ? ಕೈ ಸರಿಹೋಗುತ್ತದೆಯೇ? (ತಿಪಟೂರಿನ ಓದುಗರು)

ಉತ್ತರ: ವರದಿ ಸರಿಯಾಗಿಯೇ ಇದೆ. ನೀವು ಶಾಲೆಯಲ್ಲಿ ಓದಿದ್ದೂ ಸರಿ, ಆದರೆ ಅದು ದೊಡ್ಡ ಮೆದುಳಿನ ಮಾತು. ಸೆರೆಬೆಲಮ್ ಎಂದರೆ ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಅಡಿಯಲ್ಲಿ ಮೆದುಳುಕಾಂಡಕ್ಕೆ ಆತುಕೊಂಡಿರುವ ಕಿರುಮೆದುಳು. ಪಠ್ಯಪುಸ್ತಕಗಳು ಅನುಮಸ್ತಿಷ್ಕ ಎನ್ನುವುದು ಇದನ್ನೇ. ಇದರ ಬಲಭಾಗ ನೋಡಿಕೊಳ್ಳುವುದು ಬಲಗೈ, ಬಲಗಾಲನ್ನೇ.

ಕಾರಣ ನರಗಳ ದಾರಿಯಲ್ಲಿದೆ. ತಂದೆಯವರು ಲೋಟಕ್ಕೆ ಬಲಗೈ ಚಾಚಬೇಕೆಂದಾಗ ಆಜ್ಞೆ ಹೊರಡುವುದು ದೊಡ್ಡ ಮೆದುಳಿನ ಎಡಭಾಗದಿಂದ. ಆ ಆಜ್ಞೆಯ ಒಂದು ಪ್ರತಿ ಮೆದುಳುಕಾಂಡದ ಪಾನ್ಸ್ ಎಂಬ ಭಾಗಕ್ಕೆ ಇಳಿದು, ಅಲ್ಲಿ ನಡುಗೆರೆ ದಾಟಿ ಬಲ ಕಿರುಮೆದುಳನ್ನು ಸೇರುತ್ತದೆ. ಅದೇ ಹೊತ್ತಿಗೆ ಕೈ ಈಗ ಎಲ್ಲಿದೆ, ಯಾವ ಸ್ನಾಯು ಎಷ್ಟು ಬಿಗಿದಿದೆ ಎಂಬ ಸುದ್ದಿ ಬೆನ್ನುಹುರಿಯ ಬಲಬದಿಯಲ್ಲೇ ಮೇಲೇರಿ ಅಲ್ಲಿಗೆ ಬರುತ್ತದೆ. ಕಿರುಮೆದುಳು ಎರಡನ್ನೂ ತಾಳೆ ನೋಡಿ, ತಿದ್ದುಪಡಿಯನ್ನು ತನ್ನ ಒಳಗಿರುವ ಡೆಂಟೇಟ್ ಎಂಬ ನರಕೋಶಗಳ ಗುಂಪಿನ ಮೂಲಕ ಹೊರಗೆ ಕಳಿಸುತ್ತದೆ. ಆ ತಂತುಗಳು ಮೆದುಳುಕಾಂಡದ ಮೇಲ್ಭಾಗದಲ್ಲಿ ಮತ್ತೆ ನಡುಗೆರೆ ದಾಟಿ, ದೊಡ್ಡ ಮೆದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದ ಎಡಬದಿಯ ಮೂಲಕ ದೊಡ್ಡ ಮೆದುಳಿನ ಎಡಭಾಗಕ್ಕೆ ಮರಳುತ್ತವೆ. ಅಲ್ಲಿಂದ ಕೈಗೆ ಇಳಿಯುವ ನರಗಳು ಮೆದುಳುಕಾಂಡದ ಕೆಳತುದಿಯಾದ ಮೆಡುಲ್ಲಾದಲ್ಲಿ ಇನ್ನೊಮ್ಮೆ ದಾಟಿ ಬಲಗೈಗೆ ಬರುತ್ತವೆ. ಹೊಳೆಯನ್ನು ಎರಡು ಸಲ ದಾಟಿದವನು ಹೊರಟ ದಡಕ್ಕೇ ಬಂದು ನಿಲ್ಲುವಂತೆ, ಕಿರುಮೆದುಳಿನ ಬಲಭಾಗದಿಂದ ಹೊರಟ ತಿದ್ದುಪಡಿ ಎರಡು ಸಲ ದಾಟಿ ಬಲಗೈಗೇ ತಲುಪುತ್ತದೆ.

ಇನ್ನು ಆ ನಡುಕ. ಸ್ನಾಯುಗಳಿಗೆ ಬಲ ಕೊಡುವುದು ಕಿರುಮೆದುಳಿನ ಕೆಲಸವಲ್ಲ, ಹಾಗಾಗಿಯೇ ಇಲ್ಲಿ ಸ್ಟ್ರೋಕ್ ಆದವರ ಕೈಕಾಲು ಬಿದ್ದುಹೋಗುವುದಿಲ್ಲ. ಇದರ ಕೆಲಸ ಮುಂದಾಲೋಚನೆ. ಕೈ ಗುರಿ ಮೀರಿತೆಂದು ಕಣ್ಣು ಕಂಡು, ಮೆದುಳು ತಿಳಿದು, ಸರಿಪಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಕಳೆದಿರುತ್ತದೆ. ಅಷ್ಟರಲ್ಲಿ ಕೈ ಇನ್ನೂ ಮುಂದೆ ಹೋಗಿರುತ್ತದೆ. ಆರೋಗ್ಯವಂತ ಕಿರುಮೆದುಳು ಸುದ್ದಿ ಬರುವವರೆಗೆ ಕಾಯುವುದಿಲ್ಲ. ಕೈ ಎಲ್ಲಿರಲಿದೆ ಎಂದು ಮೊದಲೇ ಅಂದಾಜು ಮಾಡಿ ತಡೆ ಹಾಕುತ್ತದೆ. ಅದು ಕೆಟ್ಟಾಗ ತಿದ್ದುಪಡಿ ಪ್ರತಿ ಸಲವೂ ತಡವಾಗಿ ಬರುತ್ತದೆ. ಕೈ ಆ ಕಡೆ ಮೀರುತ್ತದೆ, ಈ ಕಡೆ ಮೀರುತ್ತದೆ. ಸುಮ್ಮನೆ ಕುಳಿತಾಗ ಇಲ್ಲದ ನಡುಕ ಲೋಟ ತುಟಿಯ ಹತ್ತಿರ ಬಂದಾಗ ಹೆಚ್ಚಾಗುವುದು ಹೀಗೆ. ಪಾರ್ಕಿನ್ಸನ್ ಕಾಯಿಲೆಯ ನಡುಕ ಇದಕ್ಕೆ ವಿರುದ್ಧ: ಕೈ ಸುಮ್ಮನಿದ್ದಾಗಲೇ ಹೆಚ್ಚು.

ಮೊದಲ ಮಹಾಯುದ್ಧದಲ್ಲಿ ಗುಂಡೇಟಿನಿಂದ ಕಿರುಮೆದುಳಿಗೆ ಪೆಟ್ಟಾದ ಸೈನಿಕರನ್ನು ಬ್ರಿಟಿಷ್ ವೈದ್ಯ ಗಾರ್ಡನ್ ಹೋಮ್ಸ್ ಬಹಳ ತಾಳ್ಮೆಯಿಂದ ಪರೀಕ್ಷಿಸಿ 1917ರಲ್ಲಿ ವಿವರವಾಗಿ ಬರೆದರು. ಅವರ ರೋಗಿಯೊಬ್ಬ, ಎಡಗೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ಯೋಚಿಸಿ ಮಾಡಬೇಕು ಎಂದಿದ್ದ. ನಿಮ್ಮ ತಂದೆಯವರು ಊಟ ಮಾಡಿ ಏಳುವಷ್ಟರಲ್ಲಿ ದಣಿದುಹೋಗುತ್ತಿದ್ದರೆ ಅದು ಸೋಮಾರಿತನವಲ್ಲ. ನಾವು ಗಮನವಿಲ್ಲದೆ ಮಾಡುವುದನ್ನೆಲ್ಲ ಅವರು ಲೆಕ್ಕಹಾಕಿ ಮಾಡುತ್ತಿದ್ದಾರೆ. ದಯವಿಟ್ಟು ಅವಸರಪಡಿಸಬೇಡಿ.

ಚೇತರಿಕೆಯ ಬಗ್ಗೆ ಭರವಸೆ ಇಡಬಹುದು. ಹೊರಪದರಕ್ಕೆ ಮಾತ್ರ ಪೆಟ್ಟಾದವರಲ್ಲಿ ಅನೇಕರು ಚೆನ್ನಾಗಿ ಸುಧಾರಿಸುತ್ತಾರೆ. ಡೆಂಟೇಟ್‌ನಂತಹ ಆಳದ ಭಾಗಗಳಿಗೂ ಹಾನಿಯಾಗಿದ್ದರೆ ನಿಧಾನ. ನಡುಕ ನಿಲ್ಲಿಸುವ ಖಚಿತವಾದ ಮಾತ್ರೆ ಇಲ್ಲ, ಅಭ್ಯಾಸವೇ ಔಷಧಿ. ಪ್ರತಿದಿನ ಫಿಜಿಯೋಥೆರಪಿ ತಪ್ಪಿಸಬೇಡಿ. ಕುಡಿಯುವಾಗ ಮೊಣಕೈಯನ್ನು ಮೇಜಿಗೆ ಊರಲಿ, ಲೋಟ ಅರ್ಧ ಮಾತ್ರ ತುಂಬಿರಲಿ. ಬಚ್ಚಲುಮನೆಯ ಗೋಡೆಗೆ ಹಿಡಿಕೆ ಹಾಕಿಸಿ.

ಒಂದು ಮಾತನ್ನು ನಿಮಗಷ್ಟೇ ಅಲ್ಲ, ಎಲ್ಲ ಓದುಗರಿಗೂ ಹೇಳಬೇಕಾಗಿದೆ. ಪಿತ್ತ, ಗ್ಯಾಸ್ಟ್ರಿಕ್ ಎಂದು ಮನೆಯಲ್ಲೇ ಮಲಗಿಸಿ ತಡವಾಗಿ ಕರೆತಂದ ಇಂತಹ ರೋಗಿಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಠಾತ್ತನೆ ತಲೆಸುತ್ತು, ವಾಂತಿ ಬಂದವರಿಗೆ ಆಧಾರವಿಲ್ಲದೆ ನಿಲ್ಲಲು, ನಡೆಯಲು ಆಗುತ್ತಿಲ್ಲವೆಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಕಿರುಮೆದುಳಿನ ಸುತ್ತ ದಪ್ಪ ಮೂಳೆ ಇರುವುದರಿಂದ ಮೊದಲ ಸಿಟಿ ಸ್ಕ್ಯಾನ್‌ನಲ್ಲಿ ಸ್ಟ್ರೋಕ್ ಕಾಣದೆ ಇರಬಹುದು. ಮೊದಲ ಕೆಲವು ದಿನಗಳಲ್ಲಿ ಕಿರುಮೆದುಳು ಊದಿಕೊಂಡರೆ ಇಕ್ಕಟ್ಟಾದ ಆ ಜಾಗದಲ್ಲಿ ಮೆದುಳುಕಾಂಡವನ್ನೇ ಒತ್ತಿ ಜೀವಕ್ಕೆ ಅಪಾಯ ತರುತ್ತದೆ. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಅನುಮಸ್ತಿಷ್ಕ ದೇಹದ ಸಮತೋಲನ ಕಾಪಾಡುತ್ತದೆ ಎಂಬ ಒಂದೇ ಸಾಲು ಓದಿದ್ದೇನೆ. ಅಷ್ಟೇ ಕೆಲಸವೇ? (ಶಿರಸಿಯ ಓದುಗರು)

ಉತ್ತರ: ಅಲ್ಲ. ಆ ಒಂದು ಸಾಲು ಸಾಲದು ಎಂದು ನಿಮಗೆ ಅನ್ನಿಸಿದ್ದು ನನಗೆ ತುಂಬಾ ಸಂತೋಷ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು ಮೆದುಳಿನ ತೂಕದ ಹತ್ತನೇ ಒಂದು ಭಾಗವಷ್ಟೇ ಆಗಿರುವ ಕಿರುಮೆದುಳಿನಲ್ಲಿ! ಬಹುಪಾಲು ಗ್ರ್ಯಾನ್ಯೂಲ್ ಎಂಬ ಅತಿ ಪುಟ್ಟ ಕೋಶಗಳು. ಇವುಗಳ ತಂತುಗಳು ಪುರ್ಕಿಂಜೆ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. 1837ರಲ್ಲಿ ಇವನ್ನು ವಿವರಿಸಿದ ಜೆಕ್ ವಿಜ್ಞಾನಿಯ ಹೆಸರೇ ಇವಕ್ಕಿದೆ. ಗೋಡೆಗೆ ಒತ್ತಿ ಬೆಳೆಸಿದ ಬಳ್ಳಿಯಂತೆ ಒಂದೇ ಸಮತಲದಲ್ಲಿ ಕವಲೊಡೆದ ಒಂದೊಂದು ಪುರ್ಕಿಂಜೆ ಕೋಶಕ್ಕೂ ಲಕ್ಷಕ್ಕೂ ಹೆಚ್ಚು ತಂತುಗಳು ಬಂದು ತಾಗುತ್ತವೆ. ಇವುಗಳ ಜೊತೆಗೆ ಮೆದುಳುಕಾಂಡದಿಂದ ಒಂದೇ ಒಂದು ತಂತು ಬಂದು ಅದನ್ನು ಸುತ್ತಿ ಹಬ್ಬುತ್ತದೆ. ತಪ್ಪಾಯಿತು ಎಂದು ಎಚ್ಚರಿಸುವುದು ಈ ಒಂಟಿ ತಂತು. ಆಗ ಆ ತಪ್ಪಿಗೆ ಕಾರಣವಾದ ಬೆಸುಗೆಗಳು ಸಡಿಲವಾಗುತ್ತವೆ. 1969ರಲ್ಲಿ ಡೇವಿಡ್ ಮಾರ್, 1971ರಲ್ಲಿ ಜೇಮ್ಸ್ ಆಲ್ಬಸ್ ಮಂಡಿಸಿದ ಸಿದ್ಧಾಂತಗಳಿಂದ ಬೆಳೆದ ಈ ವಿವರಣೆಗೆ ಜಪಾನಿನ ಮಸಾವೊ ಇಟೊ ಪ್ರಯೋಗಗಳಿಂದ ಬಲ ತಂದರು. ಸೈಕಲ್ ಕಲಿಯುವಾಗ, ವೀಣೆಯ ಮೆಟ್ಟಿಲುಗಳ ಮೇಲೆ ಬೆರಳು ಪಳಗುವಾಗ ನಡೆಯುವುದು ಇಂತಹ ತಿದ್ದುಪಡಿಯೇ.

ಒಂದು ಪರೀಕ್ಷೆ ಮಾಡಿ ನೋಡಿ. ಈ ಸಾಲನ್ನು ಓದುತ್ತಾ ತಲೆಯನ್ನು ಬೇಗ ಬೇಗ ಎಡಕ್ಕೆ ಬಲಕ್ಕೆ ಆಡಿಸಿ. ಅಕ್ಷರಗಳು ಸ್ಪಷ್ಟವಾಗಿಯೇ ಇರುತ್ತವೆ. ಈಗ ತಲೆ ಅಲುಗಿಸದೆ ಮೊಬೈಲನ್ನೇ ಅಷ್ಟೇ ವೇಗವಾಗಿ ಆಡಿಸಿ, ಅಕ್ಷರ ಕಲಸಿಹೋಗುತ್ತದೆ. ತಲೆ ತಿರುಗಿದಷ್ಟೇ ಕಣ್ಣನ್ನು ಹಿಂದಕ್ಕೆ ತಿರುಗಿಸುವ ಒಳಕಿವಿಯ ವ್ಯವಸ್ಥೆಯನ್ನು ಕರಾರುವಾಕ್ಕಾಗಿ ಇಡುವುದು ಕಿರುಮೆದುಳಿನ ಫ್ಲಾಕ್ಯುಲಸ್ ಎಂಬ ಪುಟ್ಟ ಹಾಲೆ. ಹೊಸ ಕನ್ನಡಕ ಹಾಕಿದಾಗ ನೆಲ ತೇಲಿದಂತಾಗಿ, ಕೆಲವು ದಿನಗಳಲ್ಲಿ ಸರಿಹೋಗುವುದಕ್ಕೂ ಇದರ ಕಲಿಕೆ ಬೇಕು.

ಮಾತು, ಯೋಜನೆ, ಭಾವನೆಗಳಲ್ಲೂ ಕಿರುಮೆದುಳಿಗೆ ಪಾಲಿದೆ. ಇಲ್ಲಿ ಹಾನಿಯಾದವರಲ್ಲಿ ಇವೆಲ್ಲ ಏರುಪೇರಾಗುವುದನ್ನು ಜೆರೆಮಿ ಶ್ಮಾಮನ್ ಮತ್ತು ಜೊತೆಗಾರರು 1998ರಲ್ಲಿ ವಿವರಿಸಿದರು.

ಪ್ರಶ್ನೆ: ನನ್ನ ಪತಿ ಮೂರ್ಛೆರೋಗಕ್ಕೆ ಫೆನಿಟಾಯಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಡೋಸ್ ಹೆಚ್ಚಿಸಿದ ಮೇಲೆ ತೂರಾಡುತ್ತಾರೆ, ಮಾತು ತೊದಲುತ್ತದೆ. ಕುಡಿಯುತ್ತಾರೆಂದು ನೆರೆಹೊರೆಯವರು ಆಡಿಕೊಳ್ಳುತ್ತಾರೆ. ಮಾತ್ರೆ ನಿಲ್ಲಿಸಲೇ? (ಬಳ್ಳಾರಿಯ ಓದುಗರು)

ಉತ್ತರ: ನೀವಾಗಿ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ಒಂದರ ಹಿಂದೊಂದು ಮೂರ್ಛೆ ಬರುವ ಅಪಾಯವಿದೆ. ಮದ್ಯ ಮತ್ತು ಫೆನಿಟಾಯಿನ್ ಎರಡೂ ಮಿತಿಮೀರಿದಾಗ ಕೆಡಿಸುವುದು ಕಿರುಮೆದುಳನ್ನೇ, ಅದಕ್ಕೇ ನಡಿಗೆ ಒಂದೇ ಥರ ಕಾಣುತ್ತದೆ. ಈ ಔಷಧಿಯನ್ನು ದೇಹ ಕರಗಿಸುವ ಶಕ್ತಿಗೆ ಮಿತಿಯಿದೆ. ಅದು ದಾಟಿದರೆ ಡೋಸ್ ಸ್ವಲ್ಪವೇ ಏರಿಸಿದರೂ ರಕ್ತದಲ್ಲಿನ ಪ್ರಮಾಣ ಬಹಳ ಏರುತ್ತದೆ. ಸಕಾಲದಲ್ಲಿ ಡೋಸ್ ಸರಿಪಡಿಸಿದರೆ ತೂರಾಟ ಸಾಮಾನ್ಯವಾಗಿ ಇಳಿಯುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕಿರುಮೆದುಳು ಶಾಶ್ವತವಾಗಿ ಸವೆಯಬಹುದು. ನಾಳೆಯೇ ವೈದ್ಯರ ಬಳಿ ಹೋಗಿ ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಪರೀಕ್ಷಿಸಲು ಕೇಳಿ. ಮಾತ್ರೆಯ ಪಟ್ಟಿಯನ್ನೂ ಡೋಸ್ ಬದಲಾದ ದಿನಾಂಕವಿರುವ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಅಲ್ಲಿಯವರೆಗೆ ಅವರು ಬೈಕ್ ಓಡಿಸುವುದು ಬೇಡ.