ಸಹಿ ನನ್ನದಲ್ಲವಲ್ಲ ಸಾರ್

ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಟ್ಟಡಗಳಿಗೆ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಚಿಮ್ಮಿಸುವ ವ್ಯವಸ್ಥೆ) ಡ್ರಾಯಿಂಗ್ ಮಾಡುವವರು ನನ್ನ ಬಳಿ ವೃತ್ತಿ ಸಲಹೆಗೆ ಬಂದರೆ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಕಂಪನಿ ಬಿಟ್ಟು ಸ್ವಂತಕ್ಕೆ ಶುರು ಮಾಡಲೇ? ಗುರುತು ಸಿಗದಂತೆ ವಿವರ ಬದಲಿಸಿದ ಈ ಪ್ರಕರಣವೂ ಅಂಥದ್ದೇ. ಡಿಪ್ಲೊಮಾ ಓದು, ಮೂರು ವರ್ಷದ ಅನುಭವ. ಅಲ್ಲಿನ ಗುತ್ತಿಗೆದಾರನೊಬ್ಬ ನೇರವಾಗಿ ಕೆಲಸ ಕೊಡಲು ತಯಾರಿದ್ದ.

ಕೈಕೆಲಸ ಚೆನ್ನಾಗಿತ್ತು. ಆರ್ಡಿನರಿ ಹಝಾರ್ಡ್‌ಗೆ, ಅಂದರೆ ಮಧ್ಯಮ ಬೆಂಕಿ ಅಪಾಯದ ಜಾಗಕ್ಕೆ, ನೀರು ಚಿಮ್ಮುವ ಹೆಡ್‌ವೊಂದಕ್ಕೆ ಹೆಚ್ಚೆಂದರೆ 130 ಚದರಡಿ, ಎರಡು ಹೆಡ್‌ಗಳ ನಡುವೆ 15 ಅಡಿ ದಾಟಬಾರದು, ಇವೆಲ್ಲ ನಾಲಿಗೆ ತುದಿಯಲ್ಲೇ ಇದ್ದವು. ಎರಡನೇ ಭೇಟಿಗೆ ತಾವೇ ಮಾಡಿದ ಗೋದಾಮಿನ ನಕ್ಷೆಯೊಂದನ್ನು ತಂದರು.

ಆ ಗೋದಾಮನ್ನು ಆರ್ಡಿನರಿ ಹಝಾರ್ಡ್‌ನಲ್ಲೇ ಹೆಚ್ಚು ಅಪಾಯದ ಗ್ರೂಪ್ 2 ಎಂದು ಹಿಡಿದಿದ್ದರು. ಚದರಡಿಗೆ 0.20 ಜಿಪಿಎಂ (ನಿಮಿಷಕ್ಕೆ ಗ್ಯಾಲನ್) ನೀರು, ಒಮ್ಮೆಗೆ ನೀರು ಬೀಳಬೇಕಾದ ಜಾಗ 1500 ಚದರಡಿ, ಅಂದರೆ ಕನಿಷ್ಠ 300. ಅಗ್ನಿಶಾಮಕರ ಹೋಸ್‌ಗೆ 250 ಸೇರಿ 550 ಜಿಪಿಎಂ. ಬೀದಿಯ ಪೈಪಿನಲ್ಲಿ ನೀರಿನ ಒತ್ತಡ ಸ್ಟ್ಯಾಟಿಕ್, ಅಂದರೆ ಹರಿಯದಿದ್ದಾಗ, 70 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 1000 ಜಿಪಿಎಂ ಹರಿದಾಗ 50. ಹಾಗಾಗಿ 550ಕ್ಕೆ ಸುಮಾರು 63 ಪಿಎಸ್‌ಐ ಸಿಗುತ್ತದೆ, ಪಂಪ್ ಬೇಡ. ಲೆಕ್ಕದಲ್ಲಿ ಕುಂದಿರಲಿಲ್ಲ.

"ಒಳಗೆ ಏನು ಪೇರಿಸುತ್ತಾರೆ, ಎಷ್ಟು ಎತ್ತರಕ್ಕೆ?" ಎಂದು ಕೇಳಿದೆ.

"ಆರ್ಕಿಟೆಕ್ಟ್ ಶೀಟಲ್ಲಿ ಸ್ಟೋರೇಜ್ ಅಂತಷ್ಟೇ ಇತ್ತು."

"ಬೀದಿ ನೀರಿನ ಒತ್ತಡ ಅಳೆದ ಫ್ಲೋ ಟೆಸ್ಟ್ ಯಾವಾಗಿನದು?"

ಹಳೆಯ ಇಮೇಲ್ ತೆರೆದು ನೋಡಿದರು. ಎರಡು ವರ್ಷ ದಾಟಿತ್ತು. ಸ್ಪ್ರಿಂಕ್ಲರ್ ಅಳವಡಿಕೆಯ ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 13ರ ಪ್ರಕಾರ ನಕ್ಷೆ ಸಲ್ಲಿಸುವುದಕ್ಕೆ ಮುಂಚಿನ 12 ತಿಂಗಳೊಳಗೆ ಮಾಡಿದ್ದಿರಬೇಕು; ಹಳೆಯದು ನಡೆಯಬೇಕಾದರೆ ಸ್ಥಳೀಯ ಅಧಿಕಾರಿ ಒಪ್ಪಬೇಕು.

ಆಗ ಬಂತು ಆ ಮಾತು: "ಸಹಿ ನನ್ನದಲ್ಲವಲ್ಲ ಸಾರ್. ನಕ್ಷೆಗೆ ಸೀಲ್ ಹಾಕೋ ಎಂಜಿನಿಯರ್ ನೋಡ್ಕೋತಾರೆ."

ಉತ್ತರ ಕೊಡುವ ಬದಲು ಅವರ ಕೈಯಲ್ಲೇ ಲೆಕ್ಕ ಮಾಡಿಸಿದೆ. ರ್ಯಾಕ್‌ನಲ್ಲಿ ಪ್ಲಾಸ್ಟಿಕ್ ಸಾಮಾನು 5 ಅಡಿ ದಾಟಿತು ಅಂದುಕೊಳ್ಳಿ, ಎಕ್ಸ್‌ಟ್ರಾ ಹಝಾರ್ಡ್ (ಹೆಚ್ಚಿನ ಅಪಾಯ) ಮಟ್ಟದ ನೀರು ಬೇಕು. ಗ್ರೂಪ್ 1 ಆದರೂ 0.30ರಂತೆ 2500 ಚದರಡಿಗೆ 750, ಹೋಸ್‌ಗೆ 500, ಒಟ್ಟು 1250 ಜಿಪಿಎಂ. ಅದೇ ಬೀದಿ ನೀರು ಅಷ್ಟಕ್ಕೆ 40 ಪಿಎಸ್‌ಐ ಮಾತ್ರ ಕೊಡುತ್ತದೆ. ಹೆಡ್ ಅಂತರ, ಪೈಪ್ ಸೈಜ್ ಎಲ್ಲ ಬದಲು, ಪಂಪ್ ಕೂಡ ಬೇಕಾಗಬಹುದು. ಸೀಲ್ ಹಾಕುವ ಎಂಜಿನಿಯರ್ ಪ್ರಿಂಟೌಟ್ ನೋಡುತ್ತಾನೆ. ಅಲ್ಲಿ ಬರೆದಿರುವ ಹಝಾರ್ಡ್ ನಿಮ್ಮ ಊಹೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸದ್ಯಕ್ಕೆ ಕೆಲಸ ಬಿಡಬೇಡಿ ಎಂದೆ. ಇನ್ನೆರಡು ವರ್ಷ, ತಪ್ಪು ಹಿಡಿಯುವ ಚೆಕ್ಕರ್ ಕೈಕೆಳಗೆ. ನೈಸೆಟ್ ಎಂಬ ಅಮೆರಿಕದ ತಂತ್ರಜ್ಞರ ಪ್ರಮಾಣಪತ್ರದ ಮೂರನೇ ಹಂತಕ್ಕೆ ಹೇಗೂ ಐದು ವರ್ಷದ ಅನುಭವ ಬೇಕು, ಅಮೆರಿಕದ ಹಲವು ರಾಜ್ಯಗಳಲ್ಲಿ ನಕ್ಷೆಗೆ ಅದಕ್ಕೇ ಬೆಲೆ. ಊರಲ್ಲೇ ಯಾವುದಾದರೂ ಸೈಟಿನಲ್ಲಿ ಗಾಳಿಯ ಡಕ್ಟ್ ಅಡ್ಡ ಬಂದು ಬ್ರಾಂಚ್ ಲೈನ್ (ಹೆಡ್‌ಗಳಿರುವ ಕವಲು ಪೈಪ್) ಬಗ್ಗಿಸುವುದನ್ನು ನಿಂತು ನೋಡಿ. ಪರದೆಯ ಮೇಲೆ ಆ ತಲೆನೋವು ಕಾಣುವುದಿಲ್ಲ.

ಹೊಸಬರನ್ನು ಹೆದರಿಸುತ್ತೀರಿ ಎಂದು ಕೆಲವರು ನನ್ನನ್ನು ದೂರುತ್ತಾರೆ. ದೂರಲಿ. ವೆಬ್‌ಸೈಟ್ ಕೆಟ್ಟರೆ ಮರುದಿನ ಸರಿಮಾಡಬಹುದು, ಸ್ಪ್ರಿಂಕ್ಲರ್ ತಪ್ಪಿದೆ ಅಂತ ಗೊತ್ತಾಗುವುದೇ ಬೆಂಕಿ ಬಿದ್ದ ದಿನ.

ಹೊರಗೆ ಬಂದಮೇಲೂ ಮೊದಲ ವರ್ಷ ಆಫೀಸ್ ಮಹಡಿಗಳಲ್ಲಿ ಹೆಡ್ ಸ್ಥಳ ಬದಲಿಸುವಂಥ ಲೈಟ್ ಹಝಾರ್ಡ್ (ಕಡಿಮೆ ಅಪಾಯ) ಕೆಲಸವಷ್ಟೇ ಸಾಕು. ಗೋದಾಮು, ಪಂಪ್ ಮುಟ್ಟಬೇಡಿ. ಹಝಾರ್ಡ್ ಯಾರು ನಿರ್ಧರಿಸಿದರು, ಫ್ಲೋ ಟೆಸ್ಟ್ ಯಾರದು, ಸೀಲ್ ಯಾರದು ಎಂಬ ಮೂರಕ್ಕೂ ಕರಾರಿನಲ್ಲೇ ಉತ್ತರ ಇರಬೇಕು. ವೃತ್ತಿ ಹೊಣೆಗಾರಿಕೆ ವಿಮೆ ಕೊಳ್ಳುವಾಗ ಅಮೆರಿಕದಲ್ಲಿ ಹೂಡುವ ದಾವೆಗೂ ಅನ್ವಯಿಸುತ್ತದೆಯೇ ಎಂದು ಪಾಲಿಸಿ ಓದಿ, ಅದರ ಪ್ರೀಮಿಯಂ ಸೇರಿಸಿಯೇ ದರ ಹೇಳಿ. ಆ ದರಕ್ಕೆ ಗುತ್ತಿಗೆದಾರ ಒಪ್ಪದಿದ್ದರೆ ಆ ಕೆಲಸ ಬಿಡಿ.