ಆಫ್ರಿಕಾದ ಹಳೇ ಕಾಲದ ಟ್ರೇನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರೈಲ್ವೇದಾಗ ಕೆಲಸ ಮಾಡಿ ರಿಟೈರ್ ಆಗೀನ್ರಿ. ಮಗಳು ಜೋಹಾನ್ಸ್‌ಬರ್ಗ್‌ದಾಗ ಇದ್ದಾಳ, ಒಂದ್ಸಲ ಬಂದು ಹೋಗ್ರಿ ಅಂತ ಕರೀಲತ್ತಾಳ. ಅಲ್ಲಿ ಹಳೇ ಮರದ ಬೋಗಿ ಇರೋ ಲಕ್ಷುರಿ ಟ್ರೇನ್ ಓಡ್ತದಂತ ಕೇಳೀನಿ. ನಾನೂ ನಮ್ಮ ಮನಿಯವ್ರೂ ಹೋಗಬೇಕಂತ ಮಾಡೀವಿ. ಅಷ್ಟು ರೊಕ್ಕ ಕೊಡೋದು ಸಾರ್ಥಕ ಆಗ್ತದೇನ್ರಿ?
- ವಾಡಿಯ ಓದುಗರು, ಕಲಬುರಗಿ ಜಿಲ್ಲಾ

ಉತ್ತರ: ಆಗ್ತದ ಸರ್. ಆದ್ರ ಊರು ಮುಟ್ಟಬೇಕಂತ ಹತ್ತಬ್ಯಾಡ್ರಿ, ಕೂತು ನೋಡಬೇಕಂತ ಹತ್ರಿ. ಎರಡು ಟ್ರೇನ್ ಅವ ಅಲ್ಲಿ. ಒಂದು ಬ್ಲೂ ಟ್ರೇನ್, ಸರಕಾರಿ ಸಂಸ್ಥೆದು, 1946ರಿಂದ ಆ ಹೆಸರು ಅದ. ಇನ್ನೊಂದು ರೋವೋಸ್ ರೇಲ್, ರೋಹನ್ ವೋಸ್ ಅನ್ನೋರು 1989ರಾಗ ಶುರು ಮಾಡಿದ್ದು, ಪ್ರಿಟೋರಿಯಾದ ಕ್ಯಾಪಿಟಲ್ ಪಾರ್ಕ್ ಅನ್ನೋ ಅವರ ಸ್ವಂತ ಸ್ಟೇಷನ್‌ದಿಂದ ಹೊರಡ್ತದ. ನಿಮಗ ಹಳೇ ಬೋಗಿನೇ ನೋಡಬೇಕು ಅಂದ್ರ ರೋವೋಸ್ ಹಿಡೀರಿ, ಯಾಕಂದ್ರ ಅವರು ಹಾಳುಬಿದ್ದ ಹಳೇ ಬೋಗಿ ಹುಡುಕಿ ತಂದು, ಒಳಗಿನ ಮರದ ಕೆಲಸ ಎಲ್ಲಾ ಮತ್ತ ಮಾಡಿಸಿ ಓಡಸ್ತಾರ, ರೈಲ್ವೇದಾಗ ಇದ್ದ ನಿಮ್ಮಂಥವ್ರಿಗೆ ಅದರ ಬೆಲೆ ಗೊತ್ತಾಗ್ತದ.

ನಿಮಗ ಮೊದಲ ಕಣ್ಣಿಗೆ ಬೀಳೋದು ಹಳಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅವರದು 1067, ನಮ್ಮ ಹಳೇ ಮೀಟರ್‌ಗೇಜ್‌ಕಿಂತ ಜರಾ ಅಗಲ ಅಷ್ಟೇ. ಅಂಥಾ ಹಳಿ ಮ್ಯಾಲೆ ಮಂಚ, ಸೋಫಾ, ಶವರ್, ಟಾಯ್ಲೆಟ್ ಎಲ್ಲಾ ಇರೋ ರೂಮ್ ಕೂಡಿಸ್ಯಾರ. ಎಲ್ಲಕ್ಕಿಂತ ಸಣ್ಣದು ಪುಲ್‌ಮನ್, ಸುಮಾರು 7 ಚದರ ಮೀಟರ್. ದೊಡ್ಡದು ರಾಯಲ್, 16 ಚದರ ಮೀಟರ್, ಅದರಾಗ ಬಾತ್‌ಟಬ್ ಸೈತ ಅದ. ಟ್ರೇನ್ ತುಂಬಿದ್ರೂ 72 ಮಂದಿನೇ. ಸ್ಪೀಡ್ ಗಂಟೆಗೆ 60 ಕಿ.ಮೀ. ದಾಟಸಂಗಿಲ್ಲ, ಹಿಂಗಾಗಿ ಪ್ರಿಟೋರಿಯಾದಿಂದ ಕೇಪ್‌ಟೌನ್ ಸುಮಾರು 1600 ಕಿ.ಮೀ. ಹೋಗ್ಲಿಕ್ಕೆ ಎರಡು ಮೂರು ರಾತ್ರಿ ಹಿಡೀತದ. ಟಿವಿ ಇಲ್ಲ, ಮೊಬೈಲ್ ನಿಮ್ಮ ರೂಮಿನ್ಯಾಗ ಅಷ್ಟೇ. ಕಡೀ ಬೋಗಿಗೆ ಹಿಂದ ಬಯಲು ಕಟ್ಟೆ ಅದ, ಅಲ್ಲಿ ಕುರ್ಚಿ ಹಾಕ್ಕೊಂಡು ಕೂತ್ರ ಹಳಿ ನಿಮ್ಮ ಕಾಲಬುಡದಿಂದ ಹಿಂದಕ್ಕ ಸರಕೋತ ಹೋಗ್ತದ, ಎರಡೂ ಕಡೆ ಕರೂ ಅನ್ನೋ ಒಣ ಬಯಲುಸೀಮೆ, ಕುರುಚಲು ಗಿಡ, ಚಪ್ಪಟೆ ತಲೆಯ ಗುಡ್ಡ, ಹೊತ್ತು ಮುಳುಗೋ ಮುಂದ ಆ ಗುಡ್ಡ ಕೆಂಪಾಗೋದು. ಕೊಟ್ಟ ರೊಕ್ಕ ಎಲ್ಲಾ ಆ ಕಟ್ಟೆ ಮ್ಯಾಲೇ ವಸೂಲ್ ಅಂತೀನಿ ನಾನು, ಉಳಿದದ್ದು ಹೋಟೆಲ್‌ದಾಗೂ ಸಿಗ್ತದ.

ಈ ದಾರಿಯೊಳಗ ಕಿಂಬರ್ಲಿ ಬರ್ತದ, ಸಾಮಾನ್ಯವಾಗಿ ಅಲ್ಲಿ ಇಳಿಸಿ ಬಿಗ್ ಹೋಲ್ ತೋರಸ್ತಾರ. 1871ರಿಂದ 1914ರ ತನಕ ಗುದ್ದಲಿ ಸಲಿಕೆ ಹಿಡ್ಕೊಂಡು ಮನುಷ್ಯಾರೇ ತೋಡಿದ ಕುಣಿ ಅದು, ಸುಮಾರು 2,720 ಕೆಜಿ ವಜ್ರ ಹೊರಗ ಬಂತು. ಶಹಾಬಾದ್ ಕಲ್ಲಿನ ಖಣಿ ಅಂಚಿಗೆ ನಿಂತು ಕೆಳಗ ಬಗ್ಗಿ ನೋಡಿರ್ತೀರಲ್ಲ, ಅದೇ ನಮೂನಿ ಕಾಲು ನಡಗ್ತಾವ, ಆದ್ರ ಇದರ ಬಾಯಿ 463 ಮೀಟರ್ ಅಗಲ. ತೋಡಿದವರು ಕರಿಯ ಕೂಲಿಕಾರರೇ ಹೆಚ್ಚು, ವಜ್ರದ ಹಣ ಸೇರಿದ್ದು ಬ್ಯಾರೆಯವರ ಕೈಗೆ. ಗೈಡ್ ವಜ್ರದ ಕತಿ ಹೇಳ್ತಾನ, ನೀವು ಆ ಕೂಲಿಕಾರರ ಬಗ್ಗೆನೂ ಕೇಳ್ರಿ.

ಇನ್ನ ರೊಕ್ಕ. ಕಡಿಮಿ ರೂಮಿಗೂ ಒಬ್ಬರಿಗೆ ಲಕ್ಷದ ಮ್ಯಾಲೇ ಬೀಳ್ತದ, ಊಟ ಪಾನೀಯ ಅದರಾಗೇ ಬರ್ತದ. ಟಾಂಜಾನಿಯಾದ ದಾರ್-ಎಸ್-ಸಲಾಮ್ ತನಕ ಎರಡು ವಾರದ ಪ್ರಯಾಣ ಅಂತೆಲ್ಲಾ ಜಾಹೀರಾತು ನೋಡಿ ಆಶಾ ಪಡಬ್ಯಾಡ್ರಿ, ಕೇಪ್‌ಟೌನ್ ದಾರಿ ಒಂದು ಹಿಡೀರಿ, ಸಣ್ಣ ರೂಮ್ ತಗೋರಿ, ಹಗಲೆಲ್ಲಾ ಹಿಂದಿನ ಬೋಗಿಯೊಳಗೇ ಇರ್ತೀರಿ. ಉಗಿ ಎಂಜಿನ್ ಫೋಟೋ ನೋಡಿ ಪೂರಾ ದಾರಿ ಹೊಗಿ ಬಿಡ್ಕೋತ ಹೋಗ್ತದ ಅಂದ್ಕೋಬ್ಯಾಡ್ರಿ, ಈಗ ಎಳಿಯೋದು ಕರೆಂಟು, ಡೀಸೆಲ್.

ಪ್ರಶ್ನೆ: ನಾವು ಪೂರಾ ವೆಜ್. ರೊಟ್ಟಿ ಇಲ್ದ ನನಗ ಹೊಟ್ಟಿ ತುಂಬಂಗಿಲ್ಲ. ಮ್ಯಾಲೆ ಸಂಜಿಗೆ ಸೂಟುಬೂಟು ಬೇಕಂತಾರ, ನಮ್ಮಂಥ ಹೆಣ್ಮಕ್ಕಳು ಏನ್ ಉಡಬೇಕ್ರಿ?
- ಯಾದಗಿರಿಯ ಓದುಗರು

ಉತ್ತರ: ಬುಕಿಂಗ್ ಮಾಡೋ ಮುಂದೇ ವೆಜ್ ಅಂತ ಬರದು ಕೊಡ್ರಿ, ತತ್ತಿನೂ ಬ್ಯಾಡಂದ್ರ ಅದನ್ನೂ ಬ್ಯಾರೆ ಬರೀರಿ, ಯಾಕಂದ್ರ ಅಲ್ಲಿ ಭಾಳ ಮಂದಿ ತತ್ತಿ ವೆಜ್ ಅಂತೇ ತಿಳೀತಾರ. ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಏರ್‌ಪೋರ್ಟ್‌ದಾಗ ಕೇಳಿದ್ರ ಮುಚ್ಚಿಡಬ್ಯಾಡ್ರಿ. ರಾತ್ರಿ ಊಟಕ್ಕ ಗಂಡಸರಿಗೆ ಕೋಟು ಟೈ ಬೇಕೇ ಬೇಕು. ನಿಮಗ ಅಕ್ಕಾರ, ಒಂದು ಇಳಕಲ್ ಸೀರಿ ಸಾಕು, ಅದಕ್ಕಿಂತ ಠೀಕ ಯಾವುದೂ ಇಲ್ಲ. ಸ್ವೆಟರ್ ಮರೀಬ್ಯಾಡ್ರಿ, ನಮ್ಮ ಜೂನ್ ಜುಲೈ ಅಂದ್ರ ಅವರಿಗೆ ಚಳಿಗಾಲ, ಕರೂದಾಗ ರಾತ್ರಿ ಗಡಗಡ ನಡಗಸ್ತದ.

ಪ್ರಶ್ನೆ: ಗಾಂಧೀಜಿಯವರನ್ನ ಟ್ರೇನ್‌ದಿಂದ ಇಳಿಸಿದ ಸ್ಟೇಷನ್ ಇದೇ ದಾರಿಯೊಳಗ ಬರ್ತದೇನ್ರಿ?
- ಬೀದರ್‌ನ ಒಬ್ಬ ಮಾಸ್ತರರು

ಉತ್ತರ: ಕೇಪ್‌ಟೌನ್ ದಾರಿಯೊಳಗ ಬರಂಗಿಲ್ಲ ಸರ್. ಅದು ಪೀಟರ್‌ಮಾರಿಟ್ಸ್‌ಬರ್ಗ್, ಡರ್ಬನ್‌ದಿಂದ ಸುಮಾರು 80 ಕಿ.ಮೀ., ರಸ್ತಾದ ಮ್ಯಾಲೆ ಒಂದು ತಾಸಿನ ದಾರಿ. 1893ರ ಜೂನ್ 7ರ ರಾತ್ರಿ, 23 ವರ್ಷದ ವಕೀಲ, ಕೈಯಾಗ ಫಸ್ಟ್‌ಕ್ಲಾಸ್ ಟಿಕೆಟ್, ಹೊಂಟಿದ್ದು ಪ್ರಿಟೋರಿಯಾಕ್ಕ, ಅಂದ್ರ ಈ ಲಕ್ಷುರಿ ಟ್ರೇನ್ ಇವತ್ತು ಹೊರಡೋ ಅದೇ ಊರಿಗೆ. ಬಿಳಿಯರ ಡಬ್ಬಿಯೊಳಗ ಕೂತಾರಂತ ದಬ್ಬಿ ಇಳಿಸಿದ್ರು, ಚಳಿಗಾಲದ ರಾತ್ರಿ ವೇಟಿಂಗ್ ರೂಮಿನ್ಯಾಗ ನಡಕ್ಕೋತ ಕೂತ್ರು. ಮರುದಿನ ಮತ್ತ ಟ್ರೇನ್ ಹತ್ತಿ ಚಾರ್ಲ್ಸ್‌ಟೌನ್ ತನಕ ಹೋದ್ರು, ಮುಂದ ಜೋಹಾನ್ಸ್‌ಬರ್ಗ್‌ಗೆ ಆಗ ಹಳಿ ಇರಲಿಲ್ಲ, ಕುದುರೆಗಾಡಿ ಹಿಡೀಬೇಕಾಗಿತ್ತು, ಅದರಾಗೂ ಹೊಡೆತ ತಿಂದ್ರು. ಆ ಸ್ಟೇಷನ್ ಇನ್ನೂ ಅದ, ಪ್ಲಾಟ್‌ಫಾರ್ಮ್ ಮ್ಯಾಲೆ ನೆನಪಿನ ಫಲಕ ಹಾಕ್ಯಾರ, ಊರೊಳಗ ಅವರ ಮೂರ್ತಿನೂ ಅದ. ಆಫ್ರಿಕಾ ತನಕ ಹೋಗಿ, ಲಕ್ಷಗಟ್ಟಲೆ ಕೊಟ್ಟು ಫಸ್ಟ್‌ಕ್ಲಾಸ್‌ದಾಗ ಕೂಡೋ ನಮ್ಮ ಮಂದಿ ಆ ಪ್ಲಾಟ್‌ಫಾರ್ಮ್ ಮ್ಯಾಲೆ ಒಂದು ತಾಸು ನಿಲ್ಲಲೇಬೇಕು ಅಂತೀನಿ. ಮಕ್ಕಳು ಮೊಮ್ಮಕ್ಕಳಿದ್ರ ಕರ್ಕೊಂಡೇ ಹೋಗ್ರಿ.

ಪ್ರಶ್ನೆ: ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯ ಏನ್ರಿ?
- ಹುಮನಾಬಾದ್‌ನ ಓದುಗರು

ಉತ್ತರ: ಬರೇ ಸೌತ್ ಆಫ್ರಿಕಾಕ್ಕ ಸೀದಾ ಹೋಗಿ ಸೀದಾ ಬಂದ್ರ ಬೇಕಾಗಂಗಿಲ್ಲ. ಅಡಿಸ್ ಅಬಾಬಾ ಇಲ್ಲಾ ನೈರೋಬಿ ಮ್ಯಾಲೆ ಹಾದು ಬರೋರು ಏರ್‌ಪೋರ್ಟ್ ಬಿಟ್ಟು ಊರೊಳಗ ಹೋದ್ರ ಸರ್ಟಿಫಿಕೇಟ್ ಬೇಕು, ಇಲ್ಲಂದ್ರ ವಾಪಸ್ ಭಾರತದಾಗ ಇಳಿದ ಮ್ಯಾಲೆ ಆರು ದಿನದ ತನಕ ಬ್ಯಾರೆ ಇಡಬಹುದು. ಇಂಜೆಕ್ಷನ್ ಮಾಡಿಸಿ ಹತ್ತು ದಿನ ಆದ ಮ್ಯಾಲೇ ಸರ್ಟಿಫಿಕೇಟ್ ನಡೀತದ, ಹಿಂಗಾಗಿ ಹೊರಡೋ ಮುಂದ ಗಡಿಬಿಡಿ ಮಾಡಬ್ಯಾಡ್ರಿ. ಅರವತ್ತು ದಾಟಿದವರು ಮೊದಲ ಡಾಕ್ಟರ್‌ಗೆ ತೋರಿಸಿ ಆಮ್ಯಾಲೆ ಮಾಡಿಸ್ರಿ.