ಪಾತ್ರ ಅತ್ತರೂ ಪ್ರೇಕ್ಷಕರಿಗೆ ಏಕೆ ತಟ್ಟುವುದಿಲ್ಲ?

ಪ್ರಶ್ನೆ: ನನ್ನ ಕಿರುಚಿತ್ರದಲ್ಲಿ ಬಟ್ಟೆ ಮಡಚುತ್ತಿರುವ ಮಗಳಿಗೆ ಅಪ್ಪ ತೀರಿಕೊಂಡ ಸುದ್ದಿ ಫೋನಿನಲ್ಲಿ ಬರುತ್ತದೆ. ಕೂಡಲೇ ಕ್ಲೋಸಪ್, ಕಣ್ಣೀರು, ಪಿಟೀಲು. ನಟಿ ನಿಜವಾಗಿಯೇ ಅತ್ತಿದ್ದಾರೆ. ಆದರೂ ನೋಡಿದವರ ಮನಸ್ಸಿಗೆ ತಟ್ಟುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಟಿಯದೇನೂ ತಪ್ಪಿಲ್ಲ. ಕ್ಲೋಸಪ್, ಕಣ್ಣೀರು, ಸಂಗೀತ ಮೂರೂ ಒಟ್ಟಿಗೆ ಒಂದೇ ಮಾತು ಹೇಳಿಬಿಟ್ಟಿವೆ, ನೋಡುವವರು ಊಹಿಸಲು ಏನೂ ಉಳಿದಿಲ್ಲ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 1920ರಲ್ಲಿ ನಟನೊಬ್ಬನ ಒಂದೇ ನಿರ್ಭಾವದ ಮುಖವನ್ನು ಸೂಪಿನ ತಟ್ಟೆ, ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಆಟವಾಡುವ ಹುಡುಗಿ, ಈ ಮೂರು ಶಾಟ್‌ಗಳ ಜೊತೆ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಚಿಂತೆ, ಅಳಲು, ನಗು ಕಂಡವೆಂದು ಅವರ ಶಿಷ್ಯ ಪುಡೊವ್ಕಿನ್ ಬರೆದಿದ್ದಾರೆ. ಪಾತ್ರ ಏನನ್ನು ನೋಡುತ್ತಿದೆ ಎಂದು ತೋರಿಸಿದರೆ ಮುಖದ ಅರ್ಧ ಕೆಲಸ ಮುಗಿಯಿತು.

ನಿಮ್ಮ ದೃಶ್ಯದಲ್ಲಿ ಬಟ್ಟೆಯ ರಾಶಿಯೇ ಇದೆಯಲ್ಲ! ಫೋನ್ ಬರುವ ಮೊದಲು ಹತ್ತು-ಹದಿನೈದು ಸೆಕೆಂಡ್ ಮಿಡ್ ಶಾಟ್‌ನಲ್ಲಿ (ಸೊಂಟದಿಂದ ಮೇಲೆ ಕಾಣುವಂತೆ) ಕೈಗಳ ಲಯ ಕಾಣಲಿ. ಕೊನೆಯ ಅಂಗಿ ಅಪ್ಪನದಾಗಿರಲಿ. ಫೋನ್ ಇಟ್ಟ ಮೇಲೆ ಆಕೆ ಮಡಚಿದ ಅದೇ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಲಿ. ಮೊದಲು ಕೈ, ಆಮೇಲೆ ಮುಖ. ಫೋನಿನಲ್ಲಿ ಆ ಕಡೆಯವರ ಮಾತು ಮುಗಿದೊಡನೆ ಕಟ್ ಮಾಡಬೇಡಿ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಇನ್ನೂ 48 ಫ್ರೇಮ್ ಉಳಿಸಿ ನೋಡಿ. ಸುದ್ದಿ ಆಕೆಯೊಳಗೆ ಇಳಿಯುವುದು ಆ ಎರಡು ಸೆಕೆಂಡ್‌ಗಳಲ್ಲೇ. ಟೇಕ್ ಆರಿಸುವಾಗ ಅಳುವುದಕ್ಕಿಂತ ಅಳು ತಡೆಯಲು ಹೆಣಗುವುದನ್ನು ಹುಡುಕಿ.

ಕ್ಲೋಸಪ್ ಮತ್ತೆ ತೆಗೆಯುವುದಾದರೆ ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್ ಒಳ್ಳೆಯದು. 24 ಮಿ.ಮೀ. ಹಾಕಿ ಹತ್ತಿರ ಹೋದರೆ ಮೂಗು ಉಬ್ಬಿ ಮುಖದ ಆಕಾರ ಕೆಡುತ್ತದೆ. ನಟಿಯ ನೋಟ ಲೆನ್ಸಿನ ಅಂಚಿಗೆ ಹತ್ತಿರವಿರಲಿ, ಎರಡೂ ಕಣ್ಣು ಕಾಣಬೇಕು.

ಪಿಟೀಲು ತೆಗೆದುಬಿಡಿ. ಚಿತ್ರೀಕರಣ ನಡೆದ ಕೋಣೆಯಲ್ಲೇ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ರೂಮ್ ಟೋನ್ (ಆ ಕೋಣೆಯದೇ ಸಣ್ಣ ಸದ್ದು) ರೆಕಾರ್ಡ್ ಮಾಡಿ, ಮೌನದ ಕೆಳಗೆ ಹಾಸಿ. ಅದಿಲ್ಲದೆ ಸದ್ದು ಪೂರ್ತಿ ಕಡಿದರೆ ಸ್ಪೀಕರ್ ಕೆಟ್ಟಿತೇನೋ ಅನಿಸುತ್ತದೆ.

ಪ್ರಶ್ನೆ: ಮನಸ್ಸಿನ ಮಾತನ್ನು ಹಿನ್ನೆಲೆ ದನಿಯಲ್ಲಿ ಹೇಳಿಸಬಹುದೇ?

ಉತ್ತರ: ಹೇಳಿಸಬಹುದು, ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳಿಸದಿದ್ದರೆ. "ನನಗೆ ತುಂಬಾ ದುಃಖವಾಗಿದೆ" ಬೇಡ. "ಈ ಗುಂಡಿ ಹೊಲಿದುಕೊಡು ಅಂದಿದ್ದರು, ಹೊಲಿಯಲಿಲ್ಲ" ಅಂದರೆ ಸಾಕು. ಮೈಕಿಗೆ ಗೇಣು ದೂರದಲ್ಲಿ, ಮೆಲುದನಿಯಲ್ಲಿ ಹೇಳಿಸಿ. ಕೋಣೆಯ ಪ್ರತಿಧ್ವನಿ ಸೇರಿದರೆ ಅದು ಇನ್ನೊಬ್ಬರೊಡನೆ ಆಡಿದ ಮಾತಿನಂತೆ ಕೇಳಿಸುತ್ತದೆ.